ಕಪ್ಪೆ ತಾತನ ಹೆಂಡತಿ

ನರ್ಸಮ್ಮನ ಗಂಡ ಬಾಯ್ಲರ್ ಇನ್ಸ್‌ಪೆಕ್ಟರ್ ಆಗಿದ್ದವರು. ಕಾರ್ಖಾನೆಯ ದೈತ್ಯ ಬಾಯ್ಲರುಗಳನ್ನು ಸಣ್ಣದೊಂದು ಸುತ್ತಿಗೆಯಿಂದ ತಟ್ಟುತ್ತಾ, ಸದ್ದಿಗೆ ಕಿವಿಗೊಟ್ಟು, ಒಳಗೆಲ್ಲೋ ಕೂದಲೆಳೆಯಷ್ಟು ಬಿರುಕಿದ್ದರೂ ಪತ್ತೆ ಹಚ್ಚುವ ಕೆಲಸ. ಬಿರುಕು ಸಿಕ್ಕಿತೆಂದರೆ ಇಡೀ ಕಾರ್ಖಾನೆಯನ್ನೇ ನಿಲ್ಲಿಸಿಬಿಡುವ ಅಧಿಕಾರ ಅವರಿಗಿತ್ತು. ಮನೆಯಲ್ಲೂ ಅವರು ಇದ್ದದ್ದು ಹಾಗೆಯೇ. ಹೊಡೆದವರಲ್ಲ, ಬೈದವರಲ್ಲ, ಕುಡಿತ ಗಿಡಿತ ಯಾವುದೂ ಇಲ್ಲ. ಆದರೆ ಅವರು ಬಂದು ಊಟಕ್ಕೆ ಕೂತರೆ ತಟ್ಟೆ ಲೋಟಗಳೂ ಸದ್ದು ಮಾಡಲು ಹೆದರುತ್ತಿದ್ದವು. ಮಗ ಚಿಕ್ಕವನಿದ್ದಾಗ ಏನನ್ನೋ ನೆನೆಸಿಕೊಂಡು ಕಿಸಕ್ಕನೆ ನಕ್ಕರೆ ಅವರು ಲೋಟ ಕೆಳಗಿಟ್ಟು, "ಏನು ತಮಾಷೆ? ಹೇಳು, ನಾವೂ ಕೇಳೋಣ," ಎನ್ನುತ್ತಿದ್ದರು. ಅದರಲ್ಲಿ ಕೋಪ ಇರುತ್ತಿರಲಿಲ್ಲ. ನಿಜವಾಗಿಯೂ ಉತ್ತರಕ್ಕೆ ಕಾಯುತ್ತಿದ್ದರು. ಆ ಕಾಯುವಿಕೆಗೇ ಹುಡುಗನ ನಗು ಗಂಟಲಲ್ಲಿ ಇಂಗಿಹೋಗುತ್ತಿತ್ತು.

ನರ್ಸಮ್ಮ ಕಣ್ಣಾಸ್ಪತ್ರೆಯಲ್ಲಿ ದುಡಿದವಳು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಗಾಬರಿಯಲ್ಲಿ ಮಲಗಿರುವವರ ಹತ್ತಿರ ಹೇಗೆ ಮಾತಾಡಬೇಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗಂಡನ ಹತ್ತಿರ ಹೇಗೆ ಮಾತಾಡಬೇಕೆಂದು ಮಾತ್ರ ಕಡೆತನಕ ಗೊತ್ತಾಗಲಿಲ್ಲ. ಇಬ್ಬರ ನಡುವೆ ಜಗಳವಿರಲಿಲ್ಲ. ಸಂಜೆಯ ಕುಟುಂಬ ಪ್ರಾರ್ಥನೆಗೆ ಅವಳು ಮೊಣಕಾಲೂರಿದರೆ ಅವರು ಮಂಡಿನೋವೆಂದು ಕುರ್ಚಿಯಲ್ಲೇ ಕೂತು ಕಣ್ಣು ಮುಚ್ಚುತ್ತಿದ್ದರು. ಆಮೆನ್ ಎಂದ ಮೇಲೆ ಅವಳು ಅಡುಗೆಮನೆಗೆ, ಅವರು ಪೇಪರಿಗೆ. ಸಂಸಾರ ಅಂದರೆ ಇಷ್ಟೇ ಎಂದು ಅವಳು ಎಂದೋ ಒಪ್ಪಿಕೊಂಡುಬಿಟ್ಟಿದ್ದಳು.

ನಿವೃತ್ತಿಯಾದ ವರ್ಷ ಚರ್ಚಿನಲ್ಲಿ ಒಂದು ಪ್ರಕಟಣೆ ಬಂತು. ಹೊರದೇಶದ ಪುಟ್ಟ ಕ್ರೈಸ್ತ ಸಭೆಯೊಂದು ಶಾಲೆ ಬಿಟ್ಟ ಮೇಲೆ ಬಡಮಕ್ಕಳನ್ನು ಸಂಜೆವರೆಗೆ ನೋಡಿಕೊಳ್ಳುವ ಕೇಂದ್ರ ನಡೆಸುತ್ತಿದೆ, ಕಟ್ಟಡ ಹಳೆಯದು, ನೀರಿನ ಪೈಪು, ಹೀಟರು ನೋಡುವುದಕ್ಕೆ ಕೈಕೆಲಸ ಬಲ್ಲ ಸ್ವಯಂಸೇವಕರು ಬೇಕು ಎಂದು. ಯಾರೂ ಏಳಲಿಲ್ಲ. ಬಾಯ್ಲರ್ ಸಾಹೇಬರು ಎದ್ದು ನಿಂತರು. ಪಕ್ಕದಲ್ಲಿದ್ದ ನರ್ಸಮ್ಮನಿಗೇ ಆಶ್ಚರ್ಯವಾಗಿತ್ತು.

ಅಲ್ಲಿಂದ ಮುಂದೆ ಪ್ರತಿವರ್ಷ ಮೂರು ತಿಂಗಳು ಅವರು ಅಲ್ಲಿ. ಹೊರಡುವ ಮುಂಚೆ ಬಚ್ಚಲಿನ ಬಾಗಿಲು ಹಾಕಿಕೊಂಡು ಕ್ಷೌರ ಮಾಡಿಕೊಳ್ಳುತ್ತಾ ಫೋನಿನಲ್ಲಿ ಆ ದೇಶದ ಭಾಷೆಯ ಪಾಠ ಕೇಳಿ ಗಟ್ಟಿಯಾಗಿ ಒಪ್ಪಿಸುತ್ತಿದ್ದರು. ಹೊರಗೆ ಬಟ್ಟೆ ಮಡಚುತ್ತಾ ನಿಂತ ನರ್ಸಮ್ಮನಿಗೆ ಕೇಳಿ ಕೇಳಿ ಅವರಿಗಿಂತ ಚೆನ್ನಾಗಿ ಬಂದುಬಿಟ್ಟಿತು. ಒಂದು ಸಲ, "ನಾನೂ ಬರ್ಲಾ?" ಎಂದು ಕೇಳಿದ್ದಳು. "ಅಲ್ಲೇನಿದೆ? ಬರೀ ಸೋರೋ ಪೈಪು. ನಿಂಗೆ ಹಿಡಿಸಲ್ಲ," ಎಂದಿದ್ದರು. ವಾರಕ್ಕೊಮ್ಮೆ ಫೋನು ಮಾಡುತ್ತಿದ್ದರು. "ಚೆನ್ನಾಗಿದೀನಿ. ಪೈಪು ಬದಲಾಯಿಸ್ತಿದೀನಿ. ಇಡ್ಲಾ?" ಅಷ್ಟೇ.

ಹೋದ ವರ್ಷ ಒಂದು ಬೆಳಿಗ್ಗೆ ಬಚ್ಚಲಿನ ಹೊಸ್ತಿಲಲ್ಲೇ ಕುಸಿದು ಹೋಗಿಬಿಟ್ಟರು. ಮಗ ಬಂದ, ಎಲ್ಲ ಓಡಾಟ ಮಾಡಿದ, ಶವಪೆಟ್ಟಿಗೆಗೆ ಹೆಗಲು ಕೊಟ್ಟ. ಒಂದು ಹನಿ ಕಣ್ಣೀರು ಹಾಕಲಿಲ್ಲ. ಸಮಾಧಿಯಿಂದ ಮರಳುವಾಗ, "ಅಮ್ಮ, ನಂಗೆ ಅಳು ಬರ್ತಾ ಇಲ್ಲ. ತಪ್ಪಾ?" ಎಂದು ಕೇಳಿದ. ಅವನೀಗ ಡ್ರೈವಿಂಗ್ ಸ್ಕೂಲ್ ನಡೆಸುವ ನಲವತ್ತರ ಗಂಡಸು. ನರ್ಸಮ್ಮ ಅವನ ಅಂಗಿಗೆ ಅಂಟಿದ್ದ ಮಣ್ಣು ಕೊಡವಿದಳು.

ವರ್ಷ ತುಂಬುವ ಹೊತ್ತಿಗೆ ಚರ್ಚಿನ ಸಭಾಪಾಲಕರು ಮನೆಗೆ ಬಂದರು. "ಆ ಕೇಂದ್ರದವರು ಕೇಳ್ತಿದಾರೆ. ಸಾಹೇಬರ ಜಾಗಕ್ಕೆ ನಮ್ಮ ಕಡೆಯಿಂದ ಯಾರಾದ್ರೂ ಬರ್ತಾರಾ ಅಂತ."

"ನಾನೇ ಹೋಗ್ತೀನಿ," ಎಂದಳು ನರ್ಸಮ್ಮ. ಬಾಯಿಂದ ಬಿದ್ದ ಮೇಲೆಯೇ ಅವಳಿಗೆ ಗೊತ್ತಾದದ್ದು.

ಸುದ್ದಿ ಕೇಳಿ ಮಗ ನಕ್ಕುಬಿಟ್ಟ. "ಅಮ್ಮಾ, ನಿಂಗೆ ನಲ್ಲಿ ರಿಪೇರಿ ಬರುತ್ತಾ?"

"ಕಣ್ಣಿಗೆ ಡ್ರಾಪ್ಸ್ ಹಾಕಿದ ಕೈ ಕಣೋ. ನಲ್ಲಿ ಯಾವ ದೊಡ್ಡ ವಿಷಯ," ಎಂದಳು.

*

ಆ ಕೇಂದ್ರ ಒಂದು ಓಣಿಯ ಕೊನೆಯಲ್ಲಿತ್ತು. ಒಂದು ಪಕ್ಕ ಬಟ್ಟೆ ಒಗೆಯುವ ಅಂಗಡಿ, ಇನ್ನೊಂದು ಪಕ್ಕ ಸೈಕಲ್ ರಿಪೇರಿಯವನು. ಕೆಳಗೆ ಪ್ರಾರ್ಥನೆಯ ಕೋಣೆ, ಮೇಲೆ ಮಕ್ಕಳು ಕೂರುವ ಹಾಲ್, ಅಡುಗೆಮನೆ. ಆ ಹಾಲ್‌ನಲ್ಲಿ ಮಡಚುವ ಮೇಜುಗಳು, ಅವುಗಳ ಕೆಳಗೆ ಯಾರೋ ಅಂಟಿಸಿದ ಚೂಯಿಂಗ್ ಗಮ್ಮಿನ ಗುಳ್ಳೆಗಳು, ಮಕ್ಕಳ ಎತ್ತರಕ್ಕೆ ಹೊಡೆದ ಚೀಲ ನೇತುಹಾಕುವ ಗೂಟಗಳು. ಗೋಡೆಯ ತುಂಬ ಮಕ್ಕಳು ಬರೆದ ಚಿತ್ರಗಳು. ನರ್ಸಮ್ಮ ಕನ್ನಡಕ ಏರಿಸಿ ನೋಡಿದಳು. ಎಲ್ಲವೂ ಕಪ್ಪೆಗಳೇ. ಹಸಿರು ಕಪ್ಪೆ, ನೀಲಿ ಕಪ್ಪೆ, ಕನ್ನಡಕ ಹಾಕಿಕೊಂಡ ಕಪ್ಪೆ, ಕೈಯಲ್ಲಿ ಸ್ಪ್ಯಾನರ್ ಹಿಡಿದ ಕಪ್ಪೆ. ಪ್ರಾಣಿಗಳ ಪಾಠ ನಡೆಯುತ್ತಿರಬೇಕು ಅಂದುಕೊಂಡಳು.

ಕೇಂದ್ರ ನಡೆಸುವಾಕೆ ಮೊದಲು ಬ್ಯಾಂಕಿನಲ್ಲಿ ಕೆಲಸಕ್ಕಿದ್ದವಳು, ಐವತ್ತರ ಗಟ್ಟಿಗಿತ್ತಿ. ಮಕ್ಕಳೆಲ್ಲ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ನರ್ಸಮ್ಮನ ಎರಡೂ ಕೈ ಹಿಡಿದುಕೊಂಡು ಏನೋ ಹೇಳಲು ಹೊರಟಳು, ತಡೆದಳು, ಮತ್ತೆ ಶುರು ಮಾಡಿದಳು. "ಮಕ್ಕಳು ಬರೋದಕ್ಕೆ ಮುಂಚೆ ನಿಮ್ಮ ಹತ್ರ ಒಂದು ಮಾತು..."

ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಶಾಲೆ ಬಿಟ್ಟಿತ್ತು.

ಮಕ್ಕಳು ನುಗ್ಗಿದರು. ಚೀಲಗಳು ಗೂಟಕ್ಕೆ ಹಾರಿದವು, ಕೆಲವು ನೆಲಕ್ಕೆ. ಹೊಸ ಮುಖ ಕಂಡು ಎಲ್ಲರೂ ಗಕ್ಕನೆ ನಿಂತರು. ದೊಡ್ಡಕ್ಕ ಗಂಟಲು ಸರಿಮಾಡಿಕೊಂಡು, "ಇವರು... ಇವರು ನಮ್ಮ ತಾತ ಇದ್ದಾರಲ್ಲ, ಅವರ ಮನೆಯವರು," ಎಂದಳು.

 ಇಡೀ ಗುಂಪು ಒಂದೇ ಸಲಕ್ಕೆ ನರ್ಸಮ್ಮನ ಮೇಲೆ ಬಂತು. ಸೊಂಟ ತಬ್ಬಿಕೊಂಡವರೆಷ್ಟೋ, ಕೈ ಜಗ್ಗಿದವರೆಷ್ಟೋ. ಎಲ್ಲರೂ ಸೇರಿ ಕೂಗಿದ್ದು ಅವಳದೇ ತಾಯಿನುಡಿಯಲ್ಲಿ.

"ಬಾ ಬಂಗಾರಾ! ಬಾ ನನ್ ಬಂಗಾರಾ!"

 ಸಾವಿರಾರು ಮೈಲಿ ದಾಟಿ ಬಂದ ಈ ಓಣಿಯಲ್ಲಿ, ಬೇರೆ ಬಣ್ಣದ ಕಣ್ಣುಗಳ, ಬೇರೆ ನಾಲಿಗೆಯ ಮಕ್ಕಳು, ಅವಳ ಅಮ್ಮ ಅವಳನ್ನು ಎತ್ತಿಕೊಂಡು ಹೇಳುತ್ತಿದ್ದ ಮಾತನ್ನು ಹೇಳುತ್ತಿದ್ದರು. ಉಚ್ಚಾರ ಸೊಟ್ಟವಾಗಿತ್ತು, ರಾಗ ಮಾತ್ರ ಥೇಟು.

"ಯಾರು... ಯಾರು ಕಲಿಸಿದ್ದು ಇದನ್ನ?" ಎಂದಳು ನರ್ಸಮ್ಮ.

"ಕಪ್ಪೆ ತಾತ! ದಿನಾ ಬಾಗಿಲಲ್ಲಿ ನಿಂತ್ಕೊಂಡು ಒಬ್ಬೊಬ್ಬರಿಗೂ ಹೇಳ್ತಾರೆ. ನಿಮ್ಮ ದೇಶದಲ್ಲಿ ನಮಸ್ಕಾರ ಅಂದ್ರೆ ಹೀಗೇ ಅಲ್ವಾ?"

ನಲವತ್ತೆರಡು ವರ್ಷ ಬಾಳಿದ ಹೆಂಡತಿಯನ್ನು ಅವರು ಕರೆಯುತ್ತಿದ್ದದ್ದು "ಏನಮ್ಮಾ" ಎಂದು. ಮಗನನ್ನು ಹೆಸರು ಹಿಡಿದು. ಬಂಗಾರ ಅನ್ನುವ ಮಾತು ಅವರ ಬಾಯಲ್ಲಿ ಅವಳು ಕೇಳಿದ್ದು ಅಕ್ಕಸಾಲಿಗನ ಅಂಗಡಿಯಲ್ಲಿ, ಅದೂ ಬೆಲೆ ಜಾಸ್ತಿಯಾಯಿತು ಎಂಬ ಸಂದರ್ಭದಲ್ಲಿ.

ಅವಳು ಹತ್ತಿರದ ಮೇಜಿನ ಅಂಚು ಹಿಡಿದಳು. ಮಕ್ಕಳಿಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು? ಗುಂಡುಗುಂಡಗಿದ್ದ ಪುಟ್ಟ ಹುಡುಗನೊಬ್ಬ, ಎಲ್ಲರ ಬಾಯಲ್ಲಿ ಗುಂಡಣ್ಣ, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಕೆನ್ನೆ ಉಬ್ಬಿಸಿ, ವಟರ್ ಎಂದು ಒಂದು ಹಾರು ಹಾರಿದ. ಮತ್ತೊಬ್ಬ ಅವನ ಹಿಂದೆ. ಆಮೇಲೆ ಇಡೀ ಗುಂಪೇ ಕಪ್ಪೆಗಳಾಗಿ ಎಗರತೊಡಗಿತು. ಒಂದೊಂದು ನೆಗೆತಕ್ಕೂ ಮಂಡಿ ಹಿಡಿದುಕೊಂಡು, "ಅಯ್ಯಯ್ಯೋ, ನನ್ನ ಮಂಡೀ!" ಎಂದು ನರ್ಸಮ್ಮನ ಭಾಷೆಯಲ್ಲೇ ನರಳಿ, ಬಿದ್ದು ಬಿದ್ದು ನಗುವುದು.

"ಅವರು ಹೀಗೆ ಹಾರ್ತಿದ್ರಾ?" ಅವಳ ದನಿ ಅವಳಿಗೇ ಕೇಳಿಸಲಿಲ್ಲ. "ನಮ್ಮ ಯಜಮಾನರಾ?"

"ಕಿಟಕಿಯಿಂದ ಅಡುಗೆಮನೆವರೆಗೆ!" ಎಂದಳು ಒಬ್ಬ ಹುಡುಗಿ. ತೆಳ್ಳಗೆ, ಹುಬ್ಬು ಗಂಟಿಕ್ಕಿಕೊಂಡು, ಕೈಕಟ್ಟಿ ನಿಂತಿದ್ದಳು. ಮುಟ್ಟಿದರೆ ಸಿಡಿಯುವ ಸ್ವಭಾವಕ್ಕೆ ಎಲ್ಲರೂ ಅವಳನ್ನು ಕಿಡಿ ಎನ್ನುತ್ತಿದ್ದರು. ಅವಳೊಬ್ಬಳೇ ಹಾರಿರಲಿಲ್ಲ. ಈಗ ಮುಂದೆ ಬಂದು ನೇರವಾಗಿ ಕೇಳಿದಳು. "ಅದಿರ್ಲಿ. ತಾತ ಎಲ್ಲಿ? ನಿಮ್ಮನ್ನ ಮೊದಲು ಕಳಿಸಿ ಅವರು ಯಾವಾಗ ಬರ್ತಾರೆ?"

ನರ್ಸಮ್ಮ ದೊಡ್ಡಕ್ಕನ ಮುಖ ನೋಡಿದಳು. ದೊಡ್ಡಕ್ಕ ನೆಲ ನೋಡುತ್ತಿದ್ದಳು.

ಎರಡನೆಯ ಪೆಟ್ಟು ಅದು. ಈ ಮಕ್ಕಳಿಗೆ ಯಾರೂ ಹೇಳಿಯೇ ಇರಲಿಲ್ಲ.

*

ಆ ಸಂಜೆ ಕೊನೆಯ ಮಗುವನ್ನು ತಾಯಿ ಬಂದು ಕರೆದೊಯ್ಯುವವರೆಗೂ ನರ್ಸಮ್ಮ ಬ್ರೆಡ್ಡಿಗೆ ಬೆಣ್ಣೆ ಹಚ್ಚಿದಳು, ಲೋಟಕ್ಕೆ ಹಾಲು ಸುರಿದಳು, ಮಗ್ಗಿ ಕೇಳಿದಳು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ತಾತ ಯಾವಾಗ ಬರುತ್ತಾರೆ ಎಂದು ಕೇಳಿದವರಿಗೆಲ್ಲ "ನಾಳೆ ಹೇಳ್ತೀನಿ" ಎಂದಳು. ಬಾಗಿಲು ಹಾಕಿದ ಮೇಲೆ ಅಡುಗೆಮನೆಯಲ್ಲಿ ದೊಡ್ಡಕ್ಕನ ಎದುರು ನಿಂತಳು.

"ವರ್ಷ ಆಯ್ತು ಅವರು ಹೋಗಿ. ಮಕ್ಕಳಿಗೆ ಏನಂತ ಹೇಳಿದೀರಿ ನೀವು?"

"ಈ ಸಲ ಸ್ವಲ್ಪ ತಡ ಆಗುತ್ತೆ ಅಂತ." ದೊಡ್ಡಕ್ಕ ಒದ್ದೆ ಬಟ್ಟೆಯನ್ನು ಹಿಂಡುತ್ತಲೇ ಇದ್ದಳು, ಅದರಲ್ಲಿ ನೀರಿಲ್ಲದಿದ್ದರೂ. "ಹೇಳೋಕೆ ಹೊರಟೆ ಅಮ್ಮ. ಎಷ್ಟೋ ಸಲ. ನಾಲಿಗೆ ಏಳ್ಲಿಲ್ಲ. ಈ ಮಕ್ಕಳ ಮನೆಗಳಲ್ಲಿ ಇದ್ದವರು ಇರಲ್ಲ. ಒಬ್ಬಳ ಅಪ್ಪ ಹೋದೋನು ಬರ್ಲಿಲ್ಲ, ಒಬ್ಬನ ತಾಯಿ ಮೂರೂ ಹೊತ್ತು ಕೆಲಸ. ಹೇಳಿದ ಹಾಗೆ ಹೇಳಿದ ಕಾಲಕ್ಕೆ ಬರ್ತಿದ್ದವರು ಅಂದ್ರೆ ಅವರೊಬ್ಬರೇ."

"ಪ್ರಾರ್ಥನೆ ಮಾಡಿಸ್ತೀರಿ, ಸುಳ್ಳು ಹೇಳಬಾರದು ಅಂತ ಪಾಠ ಮಾಡ್ತೀರಿ," ಎಂದಳು ನರ್ಸಮ್ಮ. ಅವಳಿಗೆ ತನ್ನ ಕೋಪ ಯಾರ ಮೇಲೆಂದು ತಿಳಿಯುತ್ತಿರಲಿಲ್ಲ. "ಇನ್ನೊಂದು ಕೇಳ್ತೀನಿ. ಅವರು ಹೀಗಿದ್ರು ಅಂತ ನಂಗ್ಯಾಕೆ ಹೇಳ್ಲಿಲ್ಲ?"

"ಹೇಗಿದ್ರು ಅಂತ?"

"ಹೀಗೆ! ಹಾರ್ಕೊಂಡು, ನಗ್ಕೊಂಡು, ಬಂಗಾರ ಗಿಂಗಾರ ಅಂದ್ಕೊಂಡು!"

ದೊಡ್ಡಕ್ಕನ ಕೈ ನಿಂತಿತು. "ಅವರು ಇರ್ತಿದ್ದದ್ದೇ ಹಾಗೆ. ಮನೇಲಿ ಹಾಗಿರಲಿಲ್ವಾ?"

  ನರ್ಸಮ್ಮನ ಮುಖ ನೋಡಿಯೇ ದೊಡ್ಡಕ್ಕನಿಗೆ ಗೊತ್ತಾಯಿತು, ಕುರ್ಚಿ ಎಳೆದುಕೊಂಡು ಕೂತುಬಿಟ್ಟಳು. ಮೆಲ್ಲಗೆ ಹೇಳಿದಳು.

"ಮೊದಲನೇ ವರ್ಷ ಬಂದಾಗ ಅವರನ್ನ ಕಂಡ್ರೆ ನಂಗೇ ಭಯ. ಮಾತಿಲ್ಲ ಕತೆಯಿಲ್ಲ. ಈ ಸಿಂಕಿನ ಕೆಳಗೆ ತಲೆ ತೂರಿಸಿ ಕೆಲಸ ಮಾಡ್ತಾ ಕೂತಿರೋರು. ಒಂದಿನ ಕಿಡಿ ಇದಾಳಲ್ಲ, ಆಗ ಐದು ವರ್ಷ ಇರ್ಬೇಕು, ಅದೂ ಅಲ್ಲಿಗೇ ತೂರ್ಕೊಂಡು, 'ನೀನು ಯಾವ ಪ್ರಾಣಿ? ಯಾಕೆ ಇಲ್ಲಿ ಅಡಗಿದೀಯ?' ಅಂತ ಕೇಳ್ತು. ನಾನು ಇಲ್ಲೇ ನಿಂತಿದ್ದೆ. ಮುಗೀತು, ಮಗೂಗೆ ಗದರ್ತಾರೆ ಅಂದ್ಕೊಂಡೆ. ಎಷ್ಟೋ ಹೊತ್ತು ಸದ್ದೇ ಇಲ್ಲ. ಆಮೇಲೆ ಒಳಗಿಂದ, ವಟರ್ ಅಂತ."

ನರ್ಸಮ್ಮ ಸಿಂಕಿನ ಕೆಳಗೆ ನೋಡಿದಳು. ಬೆಳ್ಳಗಿನ ಹೊಸ ಪೈಪು, ನೀಟಾದ ಬೆಸುಗೆ. ಅದು ಅವರ ಕೈಕೆಲಸವೇ. ಅಷ್ಟು ಮಾತ್ರ ಅವಳಿಗೆ ಪರಿಚಯವಿತ್ತು.

"ನಿಮ್ಮ ಮನೆಯವರನ್ನೂ ಕರ್ಕೊಂಡು ಬನ್ನಿ ಅಂತ ಒಂದ್ಸಲ ಅಂದಿದ್ದೆ," ದೊಡ್ಡಕ್ಕ ಮುಂದುವರಿಸಿದಳು. "ಅದಕ್ಕೆ ಅವರಂದ್ರು, 'ಬೇಡಮ್ಮ. ಅವಳೆದುರು ಹೀಗೆ ಆಡೋಕೆ ನಂಗೆ ನಾಚಿಕೆ. ಅಷ್ಟು ವರ್ಷ ಒಂದೇ ಮುಖ ತೋರಿಸಿದೀನಿ. ಈಗ ಇದನ್ನ ತೋರಿಸಿದ್ರೆ, ಅಷ್ಟು ದಿನ ಇದನ್ನ ಎಲ್ಲಿಟ್ಟಿದ್ದೆ ಅಂತ ಅವಳು ಕೇಳ್ತಾಳೆ. ನನ್ನ ಹತ್ರ ಉತ್ತರ ಇಲ್ಲ.' ತಮಾಷೆಗೆ ಹೇಳ್ತಿದಾರೆ ಅಂದ್ಕೊಂಡಿದ್ದೆ ಅಮ್ಮ. ದೇವರಾಣೆ, ತಮಾಷೆ ಅಂದ್ಕೊಂಡಿದ್ದೆ."

ನರ್ಸಮ್ಮ ಕೆಳಗಿನ ಪ್ರಾರ್ಥನೆಯ ಕೋಣೆಗೆ ಇಳಿದು ಹೋದಳು. ಖಾಲಿ ಬೆಂಚಿನ ಮೇಲೆ ಕೂತಳು. ಸತ್ತ ಗಂಡ ಇನ್ನೊಬ್ಬಳನ್ನು ಇಟ್ಟುಕೊಂಡಿದ್ದನೆಂದು ಗೊತ್ತಾದ ಹೆಂಗಸರನ್ನು ಅವಳು ಆಸ್ಪತ್ರೆಯಲ್ಲಿ ಕಂಡಿದ್ದಳು. ಅವರಿಗೆ ಬೈಯಲಿಕ್ಕೆ ಒಬ್ಬಳಾದರೂ ಇರುತ್ತಿದ್ದಳು. ತಾನು ಯಾರಿಗೆ ಬೈಯಬೇಕು? ಹಾಲು ಬ್ರೆಡ್ಡು ತಿನ್ನುವ ಮಕ್ಕಳಿಗೋ? ಗಂಡನ ನಗುಮುಖ ಹೇಗಿರಬಹುದೆಂದು ಕಲ್ಪಿಸಿಕೊಳ್ಳಲು ನೋಡಿದಳು. ಬರಲಿಲ್ಲ. ನೆನಪಿನಲ್ಲಿದ್ದ ಮುಖವನ್ನು ಎಷ್ಟು ಎಳೆದರೂ ಅದು ನಗಲೊಲ್ಲದು.

"ಕರ್ತನೇ," ಎಂದಳು ಗಟ್ಟಿಯಾಗಿಯೇ, "ನನ್ನ ಪಾಲಿನದನ್ನ ಇಲ್ಯಾಕಪ್ಪಾ ಹಂಚಿಸ್ದೆ?"

ಆ ಹೊತ್ತಿಗೆ ಅವಳಿಗೆ ಅದಕ್ಕಿಂತ ದೊಡ್ಡ ಪ್ರಾರ್ಥನೆ ಸಾಧ್ಯವಾಗಲಿಲ್ಲ.

*

ಮಾರನೆಯ ದಿನ ಮಕ್ಕಳು ಬಂದ ಕೂಡಲೇ ಅವರನ್ನು ನೆಲದ ಮೇಲೆ ಸುತ್ತ ಕೂರಿಸಿಕೊಂಡಳು. ಆಸ್ಪತ್ರೆಯಲ್ಲಿ ಎಷ್ಟೋ ಜನಕ್ಕೆ ಕೆಟ್ಟ ಸುದ್ದಿ ಹೇಳಿದವಳು ಅವಳು. ಸುತ್ತಿ ಬಳಸಿ ಹೇಳಿದಷ್ಟೂ ಕೇಳುವವರಿಗೆ ಹಿಂಸೆ ಎಂದು ಗೊತ್ತಿತ್ತು.

"ನಿಮ್ಮ ತಾತ ಇನ್ನು ಬರಲ್ಲ. ಅವರು ತೀರ್ಕೊಂಡ್ರು. ನಮ್ಮನೇಲಿ, ನನ್ನ ಕಣ್ಣೆದುರಿಗೇ."

ಯಾರೂ ಅಳಲಿಲ್ಲ. ಗುಂಡಣ್ಣ ಬಾಯಿ ತೆರೆದುಕೊಂಡು ಕೂತಿದ್ದ. ಕಿಡಿ ಮಾತ್ರ ಎದ್ದು ನಿಂತಳು.

"ಸುಳ್ಳು."

"ಇಲ್ಲ ಮಗೂ."

"ಸುಳ್ಳು! ದೊಡ್ಡೋರು ಹೀಗೇ. ನಮ್ಮಪ್ಪ ಸತ್ತೋದ ಅಂತ ಅಮ್ಮ ಹೇಳಿದ್ಲು. ಸತ್ತಿರ್ಲಿಲ್ಲ. ಬಿಟ್ಟು ಹೋಗಿದ್ದ ಅಷ್ಟೇ. ನಾನೇ ಬಸ್ಸಲ್ಲಿ ನೋಡ್ದೆ, ಬೇರೆ ಮಗೂನ ಎತ್ಕೊಂಡು ಕೂತಿದ್ದ." ಅವಳು ನರ್ಸಮ್ಮನ ಹತ್ತಿರಕ್ಕೆ ಒಂದು ಹೆಜ್ಜೆ ಇಟ್ಟಳು. "ತಾತಂಗೆ ನಮ್ಮ ಮೇಲೆ ಬೇಜಾರಾಯ್ತಾ? ನಿಜ ಹೇಳಿ. ಬೇಜಾರಾದ್ರೆ ಬೇಜಾರು ಅಂತ ಹೇಳಿ. ಸತ್ತೋದ್ರು ಅಂತ ಹೇಳ್ಬೇಡಿ."

 ಸಾವಿನ ಸುದ್ದಿಯನ್ನು ನಂಬಿಸುವುದಕ್ಕೆ ಸಾಕ್ಷಿ ಒದಗಿಸಬೇಕಾದ ಗತಿ ನರ್ಸಮ್ಮನಿಗೆ ಆವರೆಗೆ ಬಂದಿರಲಿಲ್ಲ. ಹೇಳತೊಡಗಿದಳು, ಏನನ್ನೂ ಮುಚ್ಚಿಡದೆ. ಆ ಬೆಳಿಗ್ಗೆ ಅವರು ಸ್ನಾನಕ್ಕೆ ಹೊರಟದ್ದು. ಬಾಗಿಲು ಹಿಡಿದುಕೊಂಡದ್ದು. ಮುಖ ಬಿಳುಚಿಕೊಂಡದ್ದು. ತಾನು ಓಡಿ ಹೋಗಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡದ್ದು. ಎದೆ ಒತ್ತಿದ್ದು, ಬಾಯಿಗೆ ಉಸಿರು ಊದಿದ್ದು, ಆಂಬುಲೆನ್ಸಿನವರು ಬಂದು ತನ್ನ ಕೈ ಹಿಡಿದು ನಿಲ್ಲಿಸಿದ್ದು. ನರ್ಸಾಗಿಯೂ ಉಳಿಸಿಕೊಳ್ಳಲಾಗಲಿಲ್ಲ ಎಂದು ಇದುವರೆಗೆ ಯಾರ ಹತ್ತಿರವೂ ಹೇಳಿರದದ್ದನ್ನೂ ಹೇಳಿಬಿಟ್ಟಳು.

ಕಿಡಿ ಅವಳ ಕಣ್ಣನ್ನೇ ನೋಡುತ್ತಿದ್ದಳು, ಪರೀಕ್ಷೆ ಮಾಡುವವಳಂತೆ. "ಕೊನೇಲಿ ಏನಂದ್ರು?"

"'ಗೀಸರ್ ಆಫ್ ಮಾಡು' ಅಂದ್ರು."

 ಗುಂಡಣ್ಣ ಫಕ್ಕನೆ ನಕ್ಕ. ಅವನ ಹಿಂದೆ ಇನ್ನೊಬ್ಬ. ನೋಡನೋಡುತ್ತ ಎಲ್ಲ ಮಕ್ಕಳೂ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ತಾತ! ತಾತನೇ! ಇಲ್ಲೂ ಹಾಗೇ ಅಂತಿದ್ರು, ಹೀಟರ್ ಆಫ್ ಮಾಡ್ರೋ ಮಂಗಗಳಾ ಅಂತ!" ದೊಡ್ಡಕ್ಕ ಗಾಬರಿಯಿಂದ ಅವರನ್ನು ಸುಮ್ಮನಾಗಿಸಲು ಹೊರಟಳು. ನರ್ಸಮ್ಮ ಕೈಯೆತ್ತಿ ತಡೆದಳು. ಯಾಕೆಂದರೆ ಅವಳಿಗೂ ನಗು ಬರುತ್ತಿತ್ತು. ಗಂಡನ ಸಾವಿಗೆ ತಾನು ನಗುತ್ತಿದ್ದೇನೆ ಎಂಬುದು ತಿಳಿದರೂ ನಗು ನಿಲ್ಲಲಿಲ್ಲ.

ಮೊದಲು ಅತ್ತವಳು ಕಿಡಿ. ನಗುತ್ತಿದ್ದವಳ ಮುಖ ಹಾಗೇ ಮಡಚಿಕೊಂಡಿತು. ಆಮೇಲೆ ಉಳಿದವರು. ಆ ದಿನ ಯಾರೂ ಹೋಂವರ್ಕ್ ಮಾಡಲಿಲ್ಲ.

*

ಮಗನಿಗೆ ಫೋನು ಮಾಡಿದ್ದು ಮರುದಿನ ಬೆಳಿಗ್ಗೆ. ಹೇಳಿದ್ದನ್ನೆಲ್ಲ ಕೇಳಿ ಅವನು ಮೊದಲು ನಕ್ಕ. "ಅಮ್ಮಾ, ಬೇರೆ ಯಾರದ್ದೋ ಕತೆ ಇರ್ಬೇಕು. ಹೆಸರು ಅದಲುಬದಲಾಗಿದೆ. ಅಪ್ಪನಂತೆ, ಕಪ್ಪೆಯಂತೆ!"

"ಅಯ್ಯೋ ನನ್ನ ಮಂಡೀ ಅಂತ ನಮ್ಮ ಮಾತಲ್ಲೇ ನರಳ್ತಾವೆ ಕಣೋ ಮಕ್ಕಳು."

 ಆ ಕಡೆಯಿಂದ ಯಾರೋ ಗೇರ್ ಹಾಕಲು ಕಲಿಯುತ್ತಿದ್ದ ಕರಕರ ಸದ್ದು ಕೇಳಿಸುತ್ತಿತ್ತು.

"ನಂಗ್ಯಾಕೆ ಹೇಳ್ತೀಯಮ್ಮ ಇದನ್ನ?" ಎಂದ ಕೊನೆಗೆ. ದನಿ ಬೇರೆಯಾಗಿತ್ತು. "ನಮ್ಮಪ್ಪಂಗೆ ಬರಲ್ಲ ಅಂದ್ಕೊಂಡಿದ್ದೆ. ಕೆಲವರಿಗೆ ಹಾಡೋಕೆ ಬರಲ್ಲ, ಕೆಲವರಿಗೆ ಈಜೋಕೆ ಬರಲ್ಲ, ಹಾಗೆ ಇವರಿಗೆ ಮಕ್ಕಳ ಜೊತೆ ಆಡೋಕೆ ಬರಲ್ಲ. ಪಾಪ ಅಂತ ಬಿಟ್ಬಿಟ್ಟಿದ್ದೆ. ಬರ್ತಿತ್ತು ಅಂತ ಈಗ ಹೇಳ್ತೀಯಲ್ಲ! ಬರ್ತಿತ್ತು, ನಂಗೆ ಕೊಡ್ಲಿಲ್ಲ ಅಂತ!" ಫೋನು ಇಟ್ಟುಬಿಟ್ಟ.

ಆಮೇಲೆ ಅವಳು ಮಾಡಿದ ಫೋನುಗಳನ್ನು ಅವನು ಎತ್ತಲಿಲ್ಲ. ಸೊಸೆ ಎತ್ತಿ, "ಅವರು ಸರಿಯಾಗಿಲ್ಲ ಅತ್ತೆ. ಸ್ವಲ್ಪ ದಿನ ಬಿಡಿ," ಎಂದಳು.

ಇತ್ತ ಮಕ್ಕಳು ಅವಳ ಬೆನ್ನು ಬಿಡಲಿಲ್ಲ. ಸತ್ತದ್ದು ನಿಜ ಎಂದು ನಂಬಿಕೆಯಾದ ಮೇಲೆ ಅವರಿಗೆ ತಾತನ ಉಳಿದ ಒಂಬತ್ತು ತಿಂಗಳುಗಳೂ ಬೇಕಾಗಿದ್ದವು. ಮನೇಲಿ ಯಾವ ಆಟ ಆಡ್ತಿದ್ರು? ನಿಮ್ಮನ್ನೂ ಬೆನ್ನ ಮೇಲೆ ಕೂರಿಸ್ಕೊಳ್ತಿದ್ರಾ? ನರ್ಸಮ್ಮ ಒಂದೆರಡು ದಿನ ಹಾರಿಕೆ ಉತ್ತರ ಕೊಟ್ಟಳು. ಏನಾದರೂ ಒಂದು ಕಟ್ಟಿ ಹೇಳಿಬಿಡೋಣ ಎಂದೂ ಅನ್ನಿಸಿತು. ಆದರೆ ದೊಡ್ಡಕ್ಕನಿಗೆ ಸುಳ್ಳಿನ ಮಾತು ಅಂದವಳು ತಾನೇ ಅಲ್ಲವೇ?

"ಮನೇಲಿ ಅವರು ನಗ್ತಾನೇ ಇರ್ಲಿಲ್ಲ," ಎಂದಳು ಒಂದು ಮಧ್ಯಾಹ್ನ, ಪೆನ್ಸಿಲ್ ಹೆರೆಯುತ್ತಾ. "ಆಟ ಆಡ್ತಿರ್ಲಿಲ್ಲ. ನಂಗೊಬ್ಬ ಮಗ ಇದಾನೆ. ಅವನ ಜೊತೆಗೂ ಆಡ್ಲಿಲ್ಲ. ನಾವೆಲ್ಲ ಅವರಿಗೆ ಹೆದರ್ತಿದ್ವಿ."

ಈಗ ಬೆಚ್ಚಿಬೀಳುವ ಸರದಿ ಮಕ್ಕಳದಾಯಿತು. ಗುಂಡಣ್ಣ ಅವಳನ್ನು ನೋಡಿದ್ದು, ಕಪ್ಪೆ ತಾತ ಕಳ್ಳ ಎಂದು ಯಾರೋ ಹೇಳಿದರೆ ನೋಡುವ ಹಾಗೆ. ಒಬ್ಬ ಹುಡುಗ, "ನೀವು ಏನಾದ್ರೂ ಬೈದಿದ್ರಾ ಅವರಿಗೆ?" ಎಂದು ಅನುಮಾನದಿಂದ ಕೇಳಿದ. ಕಿಡಿ ಮಾತ್ರ ಬಹಳ ಹೊತ್ತು ಯೋಚನೆ ಮಾಡಿದಳು. ಅವಳ ಹುಬ್ಬಿನ ಗಂಟು ಸಡಿಲವಾಗಿತ್ತು.

"ಪಾಪ," ಎಂದಳು. "ನಿಮ್ಮನೇಲಿ ಅವರನ್ನ ಯಾರೂ ಆಟಕ್ಕೆ ಕರೀಲೇ ಇಲ್ವಾ?"

ನರ್ಸಮ್ಮನ ಕೈಯಲ್ಲಿದ್ದ ಪೆನ್ಸಿಲ್ಲಿನ ಮೊನೆ ಚಿಟ್ಟನೆ ಮುರಿಯಿತು. ಮುಖಕ್ಕೆ ಬಿಸಿನೀರು ಎರಚಿದಂತಾಯಿತು. ಕರೆಯಬೇಕಿತ್ತೇ? ಆ ಮನುಷ್ಯನನ್ನು? ಮೈಯೆಲ್ಲ ಮುಳ್ಳಾಗಿ ಕೂತವರ ಹತ್ತಿರ ಹೋಗಿ ಬನ್ನಿ ಆಡೋಣ ಎನ್ನಬೇಕಿತ್ತೇ? ತಪ್ಪು ನಮ್ಮದೇ ಎನ್ನುತ್ತಿದೆಯಲ್ಲ ಈ ಮಗು ಎಂದು ಸಿಟ್ಟು ಉಕ್ಕಿ ಬಂತು.

"ಕರೆಯೋ ಧೈರ್ಯ ಯಾರಿಗೂ ಇರ್ಲಿಲ್ಲ," ಎಂದಳು ಹಲ್ಲು ಕಚ್ಚಿ.

"ನಾನು ಕರೆದೆ," ಎಂದಳು ಕಿಡಿ. ಜಂಬವಿಲ್ಲ, ದೂರಿಲ್ಲ. ಇದ್ದದ್ದನ್ನು ಹೇಳಿದಳು ಅಷ್ಟೇ. ಹೇಳಿ ಮತ್ತೆ ಗಣಿತದ ಪುಸ್ತಕಕ್ಕೆ ಬಗ್ಗಿದಳು.

ನರ್ಸಮ್ಮ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ನಿಂತಳು. ಐದು ವರ್ಷದ ಮಗುವಿಗೆ ಆದದ್ದು ತನಗೆ ಆಗಲಿಲ್ಲ ಎನ್ನುವುದೂ ನಿಜ. ಆ ಮಗುವಿಗೆ ಹೆದರುವುದಕ್ಕೆ ಹಿಂದಿನ ವರ್ಷಗಳಿರಲಿಲ್ಲ ಎನ್ನುವುದೂ ನಿಜ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲು ಅವಳಿಗೆ ಆಗುತ್ತಿರಲಿಲ್ಲ.

*

ಮಗನ ಫೋನು ಬಂದದ್ದು ಇನ್ನೊಂದು ವಾರದ ಮೇಲೆ, ಮಕ್ಕಳು ಹಾಲು ಕುಡಿಯುವ ಹೊತ್ತಿಗೆ. ವೀಡಿಯೋ ಕರೆ. ಅವನು ಕಾರಿನೊಳಗೆ ಒಬ್ಬನೇ ಕೂತಿದ್ದ, ಕ್ಷೌರ ಮಾಡಿಕೊಂಡಿರಲಿಲ್ಲ.

"ಆ ಮಕ್ಕಳು ಅಲ್ಲೇ ಇದಾರಾ?"

"ಇದಾರೆ."

"ಸುಮ್ನೆ ತೋರ್ಸು. ಏನೂ ಮಾತಾಡ್ಬೇಡ."

ಅವಳು ಫೋನು ತಿರುಗಿಸಿದಳು. ಹಾಲಿನ ಮೀಸೆಯ ಮುಖಗಳು ಒಂದೊಂದಾಗಿ ಫೋನಿನೊಳಗೆ ಇಣುಕಿದವು. "ಯಾರಿದು?" ಎಂದು ಕಿಡಿ ಕೇಳಿದಳು.

"ನನ್ನ ಮಗ."

ಕಿಡಿ ಲೋಟ ಕೆಳಗಿಟ್ಟು ಬಾಯೊರೆಸಿಕೊಂಡಳು. ಫೋನನ್ನು ನರ್ಸಮ್ಮನ ಕೈಯಿಂದ ತಾನೇ ತೆಗೆದುಕೊಂಡು ಅವನನ್ನು ದಿಟ್ಟಿಸಿದಳು. ತನ್ನ ಭಾಷೆಯಲ್ಲಿ ಏನೋ ಒಂದು ಮಾತು ಹೇಳಿದಳು, ನಿಧಾನವಾಗಿ, ತುಂಬ ಗಂಭೀರವಾಗಿ.

"ಏನಂತೆ?" ಎಂದ ಮಗ.

 ಚೆನ್ನಾಗಿದೀರಾ ಅಂತ ಕೇಳ್ತಿದಾಳೆ ಎಂದು ನರ್ಸಮ್ಮ ಹೇಳಿಬಿಡಬಹುದಿತ್ತು. ಅವನಿಗೆ ಗೊತ್ತಾಗುತ್ತಿರಲಿಲ್ಲ.

"ಏನಮ್ಮಾ? ಹೇಳು."

"ನಮಗೆ ಗೊತ್ತಿರ್ಲಿಲ್ಲ ಅಂತಿದಾಳೆ." ಅವಳು ಒಂದೊಂದೇ ಪದವನ್ನು ಎತ್ತಿಟ್ಟಂತೆ ಹೇಳಿದಳು. "ನಿಂಗೂ ಅವರು ಬೇಕಾಗಿತ್ತು ಅಂತ ನಮಗೆ ಗೊತ್ತಿರ್ಲಿಲ್ಲ. ಗೊತ್ತಿದ್ರೆ ಮನೆಗೆ ಕಳಿಸ್ತಿದ್ವಿ. ಅಂತ."

 ಪರದೆಯ ಮೇಲೆ ಮಗನ ಮುಖ ಅಲುಗದೆ ನಿಂತುಬಿಟ್ಟಿತು. ಕರೆ ಕಡಿದುಹೋಯಿತೇನೋ ಎಂದು ನರ್ಸಮ್ಮ ಕಿಡಿಯ ಕೈಯಲ್ಲಿದ್ದ ಫೋನಿನ ಹತ್ತಿರಕ್ಕೆ ಬಗ್ಗಿದಳು. ಕಡಿದಿರಲಿಲ್ಲ. ಅವನ ಹಿಂದಿನ ಗಾಜಿನಲ್ಲಿ ಬೀದಿಯ ವಾಹನಗಳು ಹೋಗುತ್ತಿದ್ದವು. ಅವನು ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟು, ಹಣೆ ಊರಿದ. ಭುಜಗಳು ಅದುರತೊಡಗಿದವು. ಸಮಾಧಿಯ ಹತ್ತಿರ ಬಾರದ್ದು ಬರುತ್ತಿತ್ತು, ಅದೂ ದೊಡ್ಡ ಸದ್ದಿನೊಡನೆ, ನಡುವಯಸ್ಸಿನ ಗಂಡಸು ಅಳುವ ಒರಟು ಸದ್ದು. ನರ್ಸಮ್ಮ ಅವನು ಹುಟ್ಟಿದಾಗಿನಿಂದ ಇಂಥ ಅಳುವನ್ನು ಕೇಳಿರಲಿಲ್ಲ. ಮಕ್ಕಳು ಹೆದರಿ ಹಿಂದೆ ಸರಿದರು. ಕಿಡಿ ಸರಿಯಲಿಲ್ಲ.

"ನಾನು ತಪ್ಪು ಹೇಳಿದ್ನಾ?" ಎಂದು ಪಿಸುಗುಟ್ಟಿದಳು.

"ಇಲ್ಲ ಮಗೂ. ಹಿಡ್ಕೊಂಡಿರು. ಇಡ್ಬೇಡ."

ಕಿಡಿ ಎರಡೂ ಕೈಯಲ್ಲಿ ಫೋನನ್ನು ಹಿಡಿದುಕೊಂಡೇ ನಿಂತಳು. ಕೈ ಸೋತಾಗ ಮೊಣಕೈಯನ್ನು ಮೇಜಿಗೆ ಊರಿಕೊಂಡಳು. ಗುಂಡಣ್ಣ ಇನ್ನೊಂದು ಲೋಟ ಹಾಲು ಬೇಕೆಂದು ನರ್ಸಮ್ಮನ ಸೆರಗು ಜಗ್ಗಿದ. ಅವಳು ಹಾಲಿನ ಜಗ್ಗನ್ನು ಎತ್ತಿಕೊಂಡಳು. ಕಣ್ಣು ಪರದೆಯ ಮೇಲೇ ಇತ್ತು, ಲೋಟ ತುಂಬಿ ಹಾಲು ಮೇಜಿನ ಮೇಲೆಲ್ಲ ಚೆಲ್ಲಿತು.